ತನ್ನನ್ನೇ ಚಿಂತಿಸುವ ದೇವರು

ಅರಿಸ್ಟಾಟಲನ ‘ಮೆಟಾಫಿಸಿಕ್ಸ್’ ಗ್ರಂಥದ ಹನ್ನೆರಡನೆಯ ಭಾಗಕ್ಕೆ ಲ್ಯಾಂಬ್ಡಾ ಎಂದು ಹೆಸರು. ದೇವರ ಬಗ್ಗೆ ಗ್ರೀಕ್ ತತ್ತ್ವಜ್ಞರು ಬರೆದದ್ದರಲ್ಲಿ ಇದಕ್ಕಿಂತ ದಿಟ್ಟ ಬರಹವನ್ನು ನಾನು ಕಾಣೆ. ಓದಲು ಮಾತ್ರ ಕಷ್ಟ. ಪಾಠಕ್ಕೆಂದು ಗುರುತು ಹಾಕಿಕೊಂಡಂತೆ ವಾಕ್ಯಗಳೆಲ್ಲ ಮೊಟಕು.

ಆಕಾಶ ಎಡೆಬಿಡದೆ ಸುತ್ತುತ್ತಿದೆ. ಸುತ್ತಿಸುವುದು ಯಾವುದು? ಅದೂ ಚಲಿಸುವಂಥದ್ದಾದರೆ ಅದಕ್ಕೆ ಮತ್ತೊಂದು ಚಾಲಕ ಬೇಕು, ಅದಕ್ಕೆ ಇನ್ನೊಂದು. ಆದ್ದರಿಂದ ತಾನು ಅಲುಗದೆ ಮಿಕ್ಕದ್ದನ್ನು ಚಲಿಸುವಂತೆ ಮಾಡುವ ತತ್ತ್ವ ಇರಲೇಬೇಕು ಎನ್ನುತ್ತಾನೆ ಅರಿಸ್ಟಾಟಲ್. ಅದೇ ಅವನ ದೇವರು. ಅಲುಗದೆ ಚಲನೆ ಹುಟ್ಟಿಸುವುದು ಹೇಗೆ? ಬಯಸಿದ ವಸ್ತು ಬಯಸಿದವನನ್ನು ಎಳೆಯುವ ಹಾಗೆ. ಏಳನೆಯ ಅಧ್ಯಾಯದ ಈ ಉತ್ತರ ಪ್ರತಿಸಲವೂ ನನ್ನನ್ನು ಬೆರಗಾಗಿಸುತ್ತದೆ. ಹೋಮರನ ಜ್ಯೂಸ್ ಸಿಡಿಲೆಸೆದು ಆಳುತ್ತಾನೆ. ಈ ದೇವರಿಗೆ ಬಲಪ್ರಯೋಗವೇ ಬೇಡ. ನಮಗೆ ಆಗೊಮ್ಮೆ ಈಗೊಮ್ಮೆ ದಕ್ಕುವ ಚಿಂತನೆಯ ಸುಖ ಅವನಿಗೆ ನಿತ್ಯದ್ದು ಎಂಬಲ್ಲಿ ಆ ಒಣ ಗದ್ಯವೂ ತಟಕ್ಕನೆ ಬೆಳಗುತ್ತದೆ.

ಎಂಟನೆಯ ಅಧ್ಯಾಯವನ್ನು ಹಾರಿಸಿ ಓದುವವರಿದ್ದಾರೆ. ಹಾಗೆ ಮಾಡಬಾರದು. ಸೂರ್ಯ, ಚಂದ್ರ ಮತ್ತು ಐದು ಗ್ರಹಗಳ ಗತಿಯನ್ನು ವಿವರಿಸಲು ಖಗೋಳಜ್ಞ ಯೂಡಾಕ್ಸಸ್ ಅವನ್ನು ಹೊತ್ತು ಸುತ್ತುವ ಒಟ್ಟು 26 ಗೋಳಗಳನ್ನು ಕಲ್ಪಿಸಿದ್ದ. ಕ್ಯಾಲಿಪಸ್ ಅದನ್ನು 33ಕ್ಕೆ ಏರಿಸಿದ. ಒಂದು ಗ್ರಹದ ಚಲನೆ ಇನ್ನೊಂದಕ್ಕೆ ತಗಲದಂತೆ ಹಿಮ್ಮುಖವಾಗಿ ಸುತ್ತುವ ಗೋಳಗಳನ್ನೂ ಸೇರಿಸಿ ಅರಿಸ್ಟಾಟಲ್ 55 ಎಂದ. ಕೆಲವನ್ನು ಬಿಟ್ಟರೆ 47. ಗೋಳಕ್ಕೊಂದು ಅಚಲ ಚಾಲಕ. ಕೊನೆಯ ಮಾತನ್ನು ತನಗಿಂತ ಬಲ್ಲವರಿಗೆ ಬಿಟ್ಟ. ದೈವವನ್ನು ಖಗೋಳದ ಲೆಕ್ಕಕ್ಕೆ ಒಡ್ಡಿ, ಆ ಲೆಕ್ಕವನ್ನು ಇನ್ನೊಬ್ಬರು ತಿದ್ದಬಹುದೆಂದು ಒಪ್ಪುವ ಈ ಪ್ರಾಮಾಣಿಕತೆಯೇ ಲ್ಯಾಂಬ್ಡಾದ ಹಿರಿಮೆ.

ಅರಿಸ್ಟಾಟಲ್ ಎಡವುವುದು ಒಂಬತ್ತನೆಯ ಅಧ್ಯಾಯದಲ್ಲಿ. ದೇವರು ಅತ್ಯುತ್ತಮವಾದದ್ದನ್ನೇ ಚಿಂತಿಸಬೇಕು, ಅತ್ಯುತ್ತಮವೆಂದರೆ ಅವನೇ, ಹಾಗಾಗಿ ತನ್ನನ್ನೇ ಚಿಂತಿಸುತ್ತಾನೆ. ತರ್ಕ ಬಿಗಿಯಾಗಿದೆ. ಆದರೆ ತನಗಾಗಿ ಹಂಬಲಿಸುವ ಲೋಕದ ಅರಿವೇ ಇಲ್ಲದವನು ಹತ್ತನೆಯ ಅಧ್ಯಾಯದಲ್ಲಿ ದಂಡನಾಯಕನ ಸ್ಥಾನಕ್ಕೆ ಏರುತ್ತಾನೆ: ಸೈನ್ಯದ ಒಳಿತು ಅದರ ಶಿಸ್ತಿನಲ್ಲೂ ಇದೆ, ನಾಯಕನಲ್ಲಿ ಇನ್ನೂ ಹೆಚ್ಚಾಗಿದೆ ಎಂಬುದು ಅಲ್ಲಿನ ಹೋಲಿಕೆ. ಸೈನಿಕರನ್ನೇ ಅರಿಯದ ನಾಯಕನಿಂದ ಶಿಸ್ತು ಬಂದದ್ದು ಹೇಗೆ? ತನ್ನನ್ನು ತಿಳಿದ ದೇವರು ಎಲ್ಲವನ್ನೂ ತಿಳಿದಿರುತ್ತಾನೆ ಎಂದು 13ನೆಯ ಶತಮಾನದಲ್ಲಿ ಕ್ರೈಸ್ತ ತತ್ತ್ವಜ್ಞ ಥಾಮಸ್ ಅಕ್ವಿನಾಸ್ ಸಮಾಧಾನ ಹೇಳಿದ. ಅಕ್ವಿನಾಸ್ ನಂಬಿದ ಸೃಷ್ಟಿಕರ್ತನಿಗೆ ಅದು ಸರಿಹೊಂದುತ್ತದೆ. ಆದರೆ ಅರಿಸ್ಟಾಟಲನ ದೇವರು ಲೋಕವನ್ನು ಸೃಷ್ಟಿಸಿದವನಲ್ಲ. ಆ ಲೋಕಕ್ಕೆ ಆರಂಭವೇ ಇಲ್ಲ.