ಬರಹದ ಆಜ್ಞೆಗಳಲ್ಲಿ ಕ್ರಮವಿಚಾರ

ಒಂದು ಸಂಜ್ಞೆಗೆ ಎರಡು ಅರ್ಥಗಳನ್ನು ಹೊರಿಸಿದರೆ ಶಾಸ್ತ್ರದಲ್ಲಿ ಎಂತಹ ತೊಡಕುಂಟಾಗುವುದೆಂಬುದಕ್ಕೆ, ಲಿನಕ್ಸ್ ಎಂಬ ಗಣಕಯಂತ್ರವ್ಯವಸ್ಥೆಯ ‘ಬ್ಯಾರಿಯರ್’ ಎಂಬ ಪದವು ಒಳ್ಳೆಯ ನಿದರ್ಶನ. ವಿಷಯವು ಯಂತ್ರದ್ದಾದರೂ ವಿವಾದವು ಶಬ್ದಾರ್ಥದ್ದೇ ಆದುದರಿಂದ ಈ ಪತ್ರಿಕೆಯ ವಾಚಕರಿಗೆ ಇದು ಹೊರಗಿನದಲ್ಲ.

ಡಿಸ್ಕಿಗೆ ಹೋಗುವ ಬರಹದ ಆಜ್ಞೆಗಳು ಬಂದ ಕ್ರಮದಲ್ಲಿಯೇ ನೆರವೇರುವುದಿಲ್ಲ. ಸರದಿಯನ್ನು ನೋಡಿಕೊಳ್ಳುವ ಷೆಡ್ಯೂಲರು, ತಿರುಗುವ ಡಿಸ್ಕಿನ ತಲೆಯ ಓಡಾಟವನ್ನು ಉಳಿಸಲೋಸುಗ, ಅವನ್ನು ಹಿಂದುಮುಂದು ಮಾಡುವುದುಂಟು. ಡಿಸ್ಕು ತಾನೂ ಅವನ್ನು ತನ್ನ ತಾತ್ಕಾಲಿಕ ಸ್ಮೃತಿಯಲ್ಲಿಟ್ಟುಕೊಂಡು ‘ಆಯಿತು’ ಎಂದು ಹೇಳಿಬಿಡುವುದು. ವಿದ್ಯುತ್ತು ಹೋದರೆ ಅಲ್ಲಿದ್ದುದು ನಷ್ಟ. ಇಎಕ್ಸ್‌ಟಿ4 ಮೊದಲಾದ ಕಡತವ್ಯವಸ್ಥೆಗಳಾದರೋ ಮಾರ್ಪಾಟುಗಳ ಒಕ್ಕಣೆಯನ್ನು ಮೊದಲು ‘ಜರ್ನಲ್’ ಎಂಬ ದಿನಚರಿಯಲ್ಲಿ ಬರೆದು, ಬಳಿಕ ‘ಕಮಿಟ್’ ಎಂಬ ಮುದ್ರೆಯನ್ನೊತ್ತುವುವು. ಮುದ್ರೆ ಮಾತ್ರ ಉಳಿದು ಒಕ್ಕಣೆ ಅಳಿದರೆ ಖಾಲಿ ಕಾಗದಕ್ಕೆ ರುಜು ಹಾಕಿದಂತೆಯೇ ಸರಿ.

ಜೈಮಿನಿಸೂತ್ರಗಳ ಐದನೆಯ ಅಧ್ಯಾಯವು ಕ್ರಮವಿಚಾರಕ್ಕೇ ಮೀಸಲಾದುದಷ್ಟೆ. ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂದು ಕ್ರಮಕ್ಕೆ ಪ್ರಮಾಣಗಳು ಆರು. ಅಗ್ನಿಹೋತ್ರಹೋಮವನ್ನು ಮೊದಲು ಹೇಳಿ ಗಂಜಿಯ ಪಾಕವನ್ನು ಆಮೇಲೆ ಹೇಳಿದ್ದರೂ, ಗಂಜಿಯೇ ಹೋಮದ್ರವ್ಯವಾದುದರಿಂದ ಪಾಕವೇ ಮೊದಲಾಗತಕ್ಕದ್ದು. ಪಾಠಕ್ಕಿಂತ ಅರ್ಥವು ಬಲವತ್ತರ. ಸರದಿಯಲ್ಲಿ ಬಂದ ಕ್ರಮವು ಪಾಠಕ್ರಮ. ಅದು ಕೆಟ್ಟರೆ ಬಾಧಕವಿಲ್ಲ. ಒಕ್ಕಣೆ ಮುದ್ರೆಗಳದು ಅರ್ಥಕ್ರಮ, ಅದು ಕೆಡಲಾಗದು. ಆದರೆ ಡಿಸ್ಕು ಅರ್ಥವನ್ನರಿಯದು. ಆದುದರಿಂದ ಅದಕ್ಕೆ ಶ್ರುತಿಯೇ, ಎಂದರೆ ಕ್ರಮವನ್ನು ಬಾಯಿಬಿಟ್ಟು ಹೇಳುವ ಪದವೇ, ಬೇಕಾಯಿತು.

ಬ್ಯಾರಿಯರ್ ಅಂತಹ ಪದವಾಗಿತ್ತು. ಹಿಂದಿನ ಬರಹಗಳೆಲ್ಲ ಮುಗಿದ ಮೇಲೆ ಇದು, ಇದು ಮುಗಿದ ಮೇಲೆ ಮುಂದಿನವು ಎಂಬುದು ಅದರ ಒಂದು ಅರ್ಥ. ಇದು ಡಿಸ್ಕಿನ ಸ್ಥಿರಭಾಗವನ್ನು ಮುಟ್ಟಿಯೇ ತೀರಬೇಕೆಂಬುದು ಇನ್ನೊಂದು. ಪೌರ್ವಾಪರ್ಯವೇ ಬೇರೆ, ಸ್ಥೈರ್ಯವೇ ಬೇರೆ. ಈ ಸಂಕರದ ಫಲವಾಗಿ ಸಂಬಂಧವಿಲ್ಲದ ಬರಹಗಳೂ ಕಾಯಬೇಕಾಯಿತು. ಆ ವಿಳಂಬಕ್ಕೆ ಅಂಜಿಯೇ ಇಎಕ್ಸ್‌ಟಿ3 ದೀರ್ಘಕಾಲ ಬ್ಯಾರಿಯರನ್ನು, ಬಳಸುವವನು ಕೇಳಿಕೊಂಡ ಹೊರತು, ಹಾಕದೆಯೇ ಇದ್ದಿತು. ವೇಗಕ್ಕಾಗಿ ಕ್ಷೇಮವನ್ನು ಒತ್ತೆಯಿಟ್ಟ ಆ ನಡತೆಯನ್ನು ನಾವು ಮೆಚ್ಚಲಾರೆವು.

2011ರ ಜನವರಿಯಲ್ಲಿ ಹೊರಟ 2.6.37ನೆಯ ಆವೃತ್ತಿಯಲ್ಲಿ ಬ್ಯಾರಿಯರನ್ನು ತೆಗೆದು, ಫ್ಲಷ್, ಎಫ್‌ಯುಎ ಎಂಬೆರಡು ಆಜ್ಞೆಗಳನ್ನು ನಿಲ್ಲಿಸಿದರು. ಫ್ಲಷ್ ತಾತ್ಕಾಲಿಕ ಸ್ಮೃತಿಯಲ್ಲಿರುವುದನ್ನೆಲ್ಲ ಸ್ಥಿರಗೊಳಿಸುವುದು. ಎಫ್‌ಯುಎ ತಾನು ಸೇರಿದ ಬರಹವೊಂದನ್ನೇ. ಎರಡೂ ಸ್ಥೈರ್ಯವಾಚಕಗಳು. ಸಂಕರವು ನಿವಾರಣೆಯಾದುದು ಶ್ಲಾಘ್ಯವೇ; ಆದರೆ ಕ್ರಮವಾಚಕವು ಲೋಪವಾಯಿತು. ಈಗ ಕಡತವ್ಯವಸ್ಥೆಯು ಹಿಂದಿನ ಬರಹ ಮುಗಿಯಿತೆಂಬ ವರದಿ ಬರುವ ತನಕ ಕಾದು, ಅನಂತರವೇ ಮುದ್ರೆಯನ್ನು ಕಳುಹಿಸಬೇಕು. ಪಾಕವಾಯಿತೇ ಎಂದು ಕೇಳುತ್ತ ಯಜಮಾನನು ಅಡುಗೆಮನೆಯ ಬಾಗಿಲಲ್ಲಿ ನಿಂತಂತಾಯಿತು.

ಸಾಟಾ ಡಿಸ್ಕುಗಳ ಸರದಿಯಲ್ಲಿ ಕ್ರಮವನ್ನು ಹೇಳುವ ಗುರುತೇ ಇಲ್ಲ, ಸ್ಕಸಿಯಲ್ಲಿ ಮಾತ್ರ ಉಂಟು. ಎಲ್ಲೆಡೆ ಸಲ್ಲದ ಪದವೇಕೆ ಎಂಬ ಪೂರ್ವಪಕ್ಷಕ್ಕೆ ಬಲವಿಲ್ಲದಿಲ್ಲ. ಆದರೆ ಕೇಳುವವನ ಕೊರತೆಗಾಗಿ ಹೇಳುವವನ ಪದವನ್ನೇ ಕಿತ್ತುಹಾಕುವುದು ಸಿದ್ಧಾಂತವಾಗಲಾರದು. 2013ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಆಪ್ಟ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯಲ್ಲಿ ಕ್ರಮಕ್ಕೆ ಓಸಿಂಕ್, ಸ್ಥೈರ್ಯಕ್ಕೆ ಡಿಸಿಂಕ್ ಎಂದು ಬೇರೆಬೇರೆ ಪದಗಳನ್ನಿತ್ತರು. ನಮಗೆ ಈ ಪಕ್ಷವೇ ಸಾಧುವೆಂದು ತೋರುತ್ತದೆ. ಕನ್ನಡದಲ್ಲಿ ಪರಿಭಾಷೆ ಕಟ್ಟುವವರು ಓಸಿಂಕನ್ನು ‘ಕ್ರಮಾಜ್ಞೆ’ಯೆಂದೂ ಡಿಸಿಂಕನ್ನು ‘ಸ್ಥೈರ್ಯಾಜ್ಞೆ’ಯೆಂದೂ ಕರೆಯಬಹುದು, ಬ್ಯಾರಿಯರನ್ನು ಮಾತ್ರ, ಎರಡೂ ಬೆರೆತ ಹಳೆಯ ಪದವಾದುದರಿಂದ, ಇದ್ದಂತೆಯೇ ಬಿಡತಕ್ಕದ್ದು.