ಮೊದಲ ಸಂಪರ್ಕದ ಪ್ರಶ್ನೆ: ಎಸ್‌ಎಸ್‌ಎಚ್ ಕೀರ್ತಿಯ ಮರುಪರಿಶೀಲನೆ

ಆವರಣದಿಂದ ದೂರವಿದ್ದುಕೊಂಡು ವಿಶ್ವವಿದ್ಯಾಲಯದ ಗಣಕಯಂತ್ರಗಳನ್ನು ಬಳಸುವ ವಿಧಾನಗಳಲ್ಲಿ ಎಸ್‌ಎಸ್‌ಎಚ್‌ಗೆ ಸಂದಷ್ಟು ಪ್ರಶಂಸೆ ಬೇರೆ ಯಾವುದಕ್ಕೂ ಸಂದಂತಿಲ್ಲ. ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲವನ್ನು ಕದ್ದಾಲಿಸಿ ಪಾಸ್‌ವರ್ಡ್‌ಗಳನ್ನು ಕಳವು ಮಾಡಿದ್ದು ಬಯಲಾದ ಮೇಲೆ, 1995ರಲ್ಲಿ ಅಲ್ಲಿನ ತಾತು ಯ್ಲೋನೆನ್ ಇದನ್ನು ರೂಪಿಸಿದರು. ಪಾಸ್‌ವರ್ಡನ್ನು ಬಯಲಾಗಿಯೇ ಸಾಗಿಸುತ್ತಿದ್ದ ಟೆಲ್‌ನೆಟ್ ಇದರಿಂದಾಗಿ ಕ್ರಮೇಣ ಮೂಲೆಗುಂಪಾಯಿತು. ಈ ಸಾಧನೆ ನಿಜವಾದುದು. ಆದರೆ ಪ್ರಶಂಸೆಯೆಲ್ಲ ಗೂಢಲಿಪಿಯ, ಅಂದರೆ ನಡುವೆ ಕದ್ದವರಿಗೆ ಅರ್ಥವಾಗದಂತೆ ಮಾಹಿತಿಯನ್ನು ಮಾರ್ಪಡಿಸಿ ಕಳಿಸುವ ಕ್ರಮದ, ಸುತ್ತಲೇ ನಿಂತಿದೆ. ಆಚೆ ತುದಿಯಲ್ಲಿರುವುದು ವಿಶ್ವವಿದ್ಯಾಲಯದ ಯಂತ್ರವೇ ಎಂಬುದನ್ನು ಖಚಿತಪಡಿಸುವ ಬಗೆಯನ್ನು ವಿಮರ್ಶಕರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ.

ಪ್ರತಿ ಸರ್ವರ್‌ಗೂ ತನ್ನದೇ ಆದ ಒಂದು ಜೋಡಿ ಕೀ ಇರುತ್ತದೆ: ಒಂದು ಗುಟ್ಟಾಗಿ ಉಳಿಯುತ್ತದೆ, ಇನ್ನೊಂದನ್ನು ಎಲ್ಲರಿಗೂ ತೋರಿಸಬಹುದು. ಬಳಕೆದಾರರ ಲ್ಯಾಪ್‌ಟಾಪ್ ಮೊದಲ ಸಲ ಸಂಪರ್ಕಿಸಿದಾಗ ಆ ಕೀಯ ದಾಖಲೆ ಅದರಲ್ಲಿರುವುದಿಲ್ಲ. ಆದ್ದರಿಂದ ಅದು ಕೀಯ ಫಿಂಗರ್‌ಪ್ರಿಂಟನ್ನು, ಅಂದರೆ ಕೀಯಿಂದ ಲೆಕ್ಕಹಾಕಿ ಪಡೆದ 43 ಅಕ್ಷರಗಳ ಗುರುತನ್ನು, ತೋರಿಸಿ ಈ ಯಂತ್ರ ಅಸಲಿಯೇ ಎಂದು ತಿಳಿಯದು, ಮುಂದುವರಿಯಬೇಕೆ ಎಂದು ಕೇಳುತ್ತದೆ. ಹೋಲಿಸಿ ನೋಡಲು ಕೈಯಲ್ಲಿ ಏನೂ ಇಲ್ಲದವರು ಹೌದು ಎಂದು ಒತ್ತುತ್ತಾರೆ. ಹೋಟೆಲಿನ ಅಥವಾ ವಿಮಾನನಿಲ್ದಾಣದ ವೈಫೈಯಲ್ಲಿ ಆ ಕ್ಷಣ ಮೋಸಗಾರನ ಯಂತ್ರ ನಡುವೆ ನಿಂತಿದ್ದರೆ ದಾಖಲಾಗುವುದು ಅವನ ಕೀ; ಟೈಪಿಸಿದ ಪಾಸ್‌ವರ್ಡ್ ಗೂಢಲಿಪಿಯಲ್ಲೇ ಸಾಗಿ ಅವನ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ. ಪಾಸ್‌ವರ್ಡ್ ಬದಲು ಬಳಕೆದಾರರೂ ಜೋಡಿ ಕೀಯನ್ನೇ ಬಳಸಿದರೆ ಅವನು ಅವರ ಹೆಸರಿನಲ್ಲಿ ಅಸಲಿ ಸರ್ವರ್‌ನೊಳಗೆ ಹೋಗಲಾರ; ಆದರೂ ತಾನೇ ಆ ಸರ್ವರ್ ಎಂದು ನಟಿಸಿ ಅವರು ಕಳಿಸಿದ ಕಡತಗಳನ್ನು ಪಡೆಯಬಲ್ಲ.

ಮೊದಲ ಸಂಪರ್ಕದ ಅವಧಿ ಅತಿ ಚಿಕ್ಕದು, ಆದ್ದರಿಂದ ಅಪಾಯವೂ ಚಿಕ್ಕದು ಎಂಬುದು ಈ ವ್ಯವಸ್ಥೆಯ ಸಮರ್ಥಕರ ವಾದ. ಈ ವಾದ ನಿಲ್ಲುವುದಿಲ್ಲ. ಹೊಸ ಲ್ಯಾಪ್‌ಟಾಪ್ ಕೊಂಡಾಗಲೆಲ್ಲ ಅದೇ ಪ್ರಶ್ನೆ ಮರಳಿ ಬರುತ್ತದೆ. ಸರ್ವರನ್ನು ಹೊಸದಾಗಿ ಕಟ್ಟಿ ಕೀ ಬದಲಾದಾಗ ಬರುವ ಕಟು ಎಚ್ಚರಿಕೆಯನ್ನೂ ಹಳೆಯ ದಾಖಲೆ ಅಳಿಸಿ ದಾಟುವುದು ಬಳಕೆದಾರರಿಗೆ ರೂಢಿಯಾಗಿಬಿಡುತ್ತದೆ. ಬಳಕೆದಾರರ ಅಜಾಗರೂಕತೆಯನ್ನು ದೂರುವವರು, ಹೋಲಿಸಬೇಕಾದ ಗುರುತನ್ನು ಅವರಿಗೆ ಯಾರು ಕೊಟ್ಟಿದ್ದರು ಎಂಬುದಕ್ಕೆ ಮೊದಲು ಉತ್ತರಿಸಬೇಕು.

ವಿಪಿಎನ್ ಇದ್ದರೆ ಸಾಕು ಎನ್ನುವ ಇನ್ನೊಂದು ಪಂಥದ ನಿಲುವು ಇನ್ನೂ ದುರ್ಬಲ. ಲ್ಯಾಪ್‌ಟಾಪಿನಿಂದ ಆವರಣದ ಜಾಲದವರೆಗೆ ಗೂಢಲಿಪಿಯ ಸುರಂಗ ತೋಡುವ ಆ ವ್ಯವಸ್ಥೆ ಹೋಟೆಲಿನ ವೈಫೈಯ ಅಪಾಯವನ್ನು ತಡೆಯುತ್ತದೆ, ನಿಜ. ಆದರೆ ಸುರಂಗದ ಬಾಯಿಂದ ಸರ್ವರ್‌ವರೆಗಿನ ದಾರಿಯಲ್ಲಿ ಅದೇ ಪ್ರಶ್ನೆ ಉಳಿಯುತ್ತದೆ, ಕದ್ದ ಪಾಸ್‌ವರ್ಡ್ ಒಂದರಿಂದಲೇ ತೆರೆಯುವ ವಿಪಿಎನ್ ಕಳ್ಳನಿಗೂ ತೆರೆಯುತ್ತದೆ. 2020ರ ಮೇ ತಿಂಗಳಲ್ಲಿ ಯುರೋಪಿನ ಹಲವು ಸೂಪರ್‌ಕಂಪ್ಯೂಟರ್‌ಗಳಿಗೆ ದಾಳಿಕೋರರು ಕದ್ದ ಎಸ್‌ಎಸ್‌ಎಚ್ ಗುರುತುಪತ್ರಗಳಿಂದಲೇ ನುಗ್ಗಿದರು. ಎಡಿನ್‌ಬರೊ ವಿಶ್ವವಿದ್ಯಾಲಯದ ಆರ್ಚರ್ ಯಂತ್ರದ ಎಲ್ಲ ಬಳಕೆದಾರರ ಪಾಸ್‌ವರ್ಡ್, ಕೀಗಳನ್ನು ರದ್ದುಪಡಿಸಬೇಕಾಯಿತು. ದಾರಿಯ ಭದ್ರತೆಯೊಂದನ್ನೇ ಅಳತೆಗೋಲಾಗಿಸಿಕೊಂಡ ವಿಮರ್ಶೆಗೆ ಈ ಘಟನೆಯನ್ನು ವಿವರಿಸುವ ಶಕ್ತಿಯಿಲ್ಲ.

ಮೊದಲ ಸಂಪರ್ಕದ ಕೊರತೆಗೆ ಪರಿಹಾರ ಎಸ್‌ಎಸ್‌ಎಚ್ ಬಳಗದಲ್ಲೇ ಇದೆ ಎಂಬುದು ಈ ಉಪೇಕ್ಷೆಯನ್ನು ಹೆಚ್ಚು ಖಂಡನೀಯವಾಗಿಸುತ್ತದೆ. ಎಸ್‌ಎಸ್‌ಎಚ್ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನ 2019ರ 8.0 ಆವೃತ್ತಿಯಿಂದ, ಹೌದು ಎನ್ನುವ ಬದಲು ಬೇರೆ ನಂಬಿಕಸ್ತ ಮೂಲದಿಂದ ಪಡೆದ ಫಿಂಗರ್‌ಪ್ರಿಂಟನ್ನೇ ಉತ್ತರವಾಗಿ ಅಂಟಿಸಬಹುದು. ಹೋಲಿಕೆಯ ಕೆಲಸವನ್ನು ಯಂತ್ರವೇ ಮಾಡುತ್ತದೆ. 2010ರಿಂದಲೇ ಲಭ್ಯವಿರುವ ಸರ್ಟಿಫಿಕೇಟ್ ಕ್ರಮ ಇದಕ್ಕಿಂತ ಮೇಲು: ವಿಶ್ವವಿದ್ಯಾಲಯ ತನ್ನ ಒಂದೇ ಕೀಯಿಂದ ಎಲ್ಲ ಸರ್ವರ್‌ಗಳ ಕೀಗಳಿಗೂ ಸಹಿ ಹಾಕುತ್ತದೆ, ಬಳಕೆದಾರರು ಆ ಒಂದು ಕೀಯ ಬಹಿರಂಗ ಭಾಗವನ್ನು ಒಮ್ಮೆ ಸೇರಿಸಿಕೊಂಡರೆ ಪ್ರಶ್ನೆಯೇ ಏಳುವುದಿಲ್ಲ. ಪ್ರವೇಶದ ದಿನ, ಆವರಣದಲ್ಲೇ, ಖಾತೆಯ ಜೊತೆ ಈ ಕೀಯನ್ನೂ ಕೊಡದ ವಿಶ್ವವಿದ್ಯಾಲಯ ತನ್ನ ದೂರಸಂಪರ್ಕವನ್ನು ಸುರಕ್ಷಿತವೆಂದು ಕರೆಯಲು ಅರ್ಹವಲ್ಲ.