ಟೊಕೊನಾಮೆಯ ಚಹದ ಗಿಂಡಿ: ಬಳಕೆಯೂ ಸಂಗ್ರಹವೂ

ಜಪಾನಿನ ಐಚಿ ಪ್ರಾಂತದ ಟೊಕೊನಾಮೆಯಲ್ಲಿ ಕೆಮ್ಮಣ್ಣಿನಿಂದ ರೂಪುಗೊಳ್ಳುವ ‘ಕ್ಯೂಸು’ ಎಂಬ ಚಹದ ಗಿಂಡಿಯ ಸೊಬಗು ಅದರ ಪ್ರಯೋಜನದಿಂದ ಬೇರೆಯಾದುದಲ್ಲ. ಮೂತಿಗೆ ಹೆಚ್ಚುಕಡಮೆ ಲಂಬವಾಗಿ ಪಕ್ಕಕ್ಕೆ ಚಾಚಿದ ಹಿಡಿಯಿಂದಾಗಿ ಮಣಿಕಟ್ಟಿನ ಒಂದೇ ತಿರುವಿಗೆ ಚಹ ಬಗ್ಗುತ್ತದೆ. ಒಳಗಿನ ಮಣ್ಣಿನ ಜಾಲರಿ ಎಲೆಯನ್ನು ತಡೆಯುತ್ತದೆ. ಗಾಜುಲೇಪವಿಲ್ಲದ ಮೈ ಬಳಕೆಯಿಂದಲೇ ಹೊಳಪೇರುತ್ತದೆ.

ಜನಕಲೆಯ ಪ್ರತಿಪಾದಕರಾದ ಯಾನಾಗಿ ಸೊಎತ್ಸು (1889–1961) ಹೆಸರಿಲ್ಲದ ಕುಶಲಿಗಳ ನಿತ್ಯೋಪಯೋಗಿ ವಸ್ತುಗಳಲ್ಲಿಯೇ ಸೌಂದರ್ಯವನ್ನು ಕಂಡರು. ಆದರೆ 1998ರಲ್ಲಿ ಮೂರನೆಯ ಯಮಾದಾ ಜೋಜಾನರಿಗೆ ಈ ಗಿಂಡಿಗಳಿಗಾಗಿಯೇ ‘ಜೀವಂತ ರಾಷ್ಟ್ರನಿಧಿ’ಯೆಂಬ ಮನ್ನಣೆ ಸಂದಿತು. ಮನ್ನಣೆಯೇನೋ ಯೋಗ್ಯವೇ, ಸಂಗ್ರಾಹಕನು ಗಿಂಡಿಯನ್ನು ಮರೆತು ಮುದ್ರೆಯನ್ನು ಕೊಳ್ಳತೊಡಗಿದಾಗ ಮಾತ್ರ ಯಾನಾಗಿಯವರ ಎಚ್ಚರಿಕೆ ನೆನಪಾಗಬೇಕು. ಗಾಜಿನ ಕಪಾಟಿನಲ್ಲಿ ಹಿಡಿಯೂ ಜಾಲರಿಯೂ ಮೂಕವಾಗುತ್ತವೆ. ಉಳಿಯುವುದು ಬರಿಯ ಆಕಾರ. ಕೊಂಡುದನ್ನು ಬಳಸುವವನೇ ರಸಿಕನು. ಒಡೆದೀತೆಂಬ ಅಳುಕು ಆ ರಸಾಸ್ವಾದಕ್ಕೆ ತೆರಲೇಬೇಕಾದ ಸುಂಕ.